ಜಾಲಪುಟದಲ್ಲಿ ಅಕ್ಷರವನ್ನು ಎಳೆದಿಡುವ ಕ್ರಮ

ಬೃಹನ್ಮುಂಬಯಿ ಮಹಾನಗರಪಾಲಿಕೆಯ ಶಾಲೆಗಳಲ್ಲಿ ಮರಾಠಿಯಂತೆ ಕನ್ನಡವೂ ಬೋಧನಮಾಧ್ಯಮವಾಗಿರುವುದು ವಿದಿತವೇ ಇದೆ. ಪದವೊಂದರ ಅಕ್ಷರಗಳನ್ನು ಬಿಲ್ಲೆಗಳಾಗಿ ಚದುರಿಸಿ, ಮಕ್ಕಳಿಂದ ಎಳೆದು ಸ್ವಸ್ಥಾನದಲ್ಲಿಡಿಸುವ ಜಾಲಪುಟವೊಂದನ್ನು ರಚಿಸಬೇಕೆಂದು ಭಾವಿಸೋಣ. ಪದ ‘ಮಹಾರಾಷ್ಟ್ರ’ವೇ ಆಗಲಿ; ಎರಡು ಭಾಷೆಗಳಿಗೂ ಅದು ಒಂದೇ.

ಎಳೆದಿಡುವ ವಿಧಾನ ಅಷ್ಟೇನೂ ಜಟಿಲವಲ್ಲ. 1999ರ ಇಂಟರ್ನೆಟ್ ಎಕ್ಸ್‌ಪ್ಲೋರರ್ 5ರಲ್ಲಿದ್ದ ಪದ್ಧತಿಯೇ ಮುಂದೆ ಎಚ್‌ಟಿಎಂಎಲ್ 5ಕ್ಕೆ ಆಧಾರವಾಯಿತು. ‘ಡ್ರ್ಯಾಗಬಲ್’ ಎಂಬ ಗುಣವನ್ನು ಕೊಟ್ಟರೆ ಬಿಲ್ಲೆ ಎಳೆತಕ್ಕೆ ಒದಗುತ್ತದೆ. ‘ಡ್ರ್ಯಾಗ್‌ಸ್ಟಾರ್ಟ್’ ಘಟನೆಯಲ್ಲಿ ಅದರ ಗುರುತನ್ನು ‘ಡೇಟಾಟ್ರಾನ್ಸ್‌ಫರ್’ ಎಂಬ ವಾಹಕದಲ್ಲಿ ಬರೆದಿಟ್ಟು, ‘ಡ್ರಾಪ್’ ಘಟನೆಯಲ್ಲಿ ಓದಿ, ಬಿಲ್ಲೆಯನ್ನು ಅದರ ಮನೆಗೆ ಸೇರಿಸತಕ್ಕದ್ದು. ಹೊಸಬರು ಎಡವುವುದು ನಡುವಣ ‘ಡ್ರ್ಯಾಗ್‌ಓವರ್’ನಲ್ಲಿ. ಬೇರೆಡೆಯಿಂದ ಬಂದುದನ್ನು ನಿರಾಕರಿಸುವುದೇ ಪುಟದ ಸಹಜಸ್ವಭಾವ (ವಲಸೆ ಬಂದವರಿಗೆ ಇದು ಅಪರಿಚಿತವೇನಲ್ಲ). ‘ಪ್ರಿವೆಂಟ್‌ಡಿಫಾಲ್ಟ್’ ಎಂದು ಅದನ್ನು ತಡೆಯದಿದ್ದರೆ ‘ಡ್ರಾಪ್’ ಸಂಭವಿಸುವುದೇ ಇಲ್ಲ.

ನಿಜವಾದ ತೊಡಕಿರುವುದು ಬಿಲ್ಲೆಗಳನ್ನು ಕತ್ತರಿಸುವಲ್ಲಿ. ಪ್ರಸ್ತಾರ ಹಾಕುವವನು ಮ, ಹಾ, ರಾ, ಷ್ಟ್ರ ಎಂದು ನಾಲ್ಕು ಅಕ್ಷರಗಳನ್ನೆಣಿಸುತ್ತಾನೆ. ಯೂನಿಕೋಡಿನಲ್ಲಿ ಇದೇ ಪದಕ್ಕೆ 10 ಸಂಕೇತಗಳು. ಜಾವಾಸ್ಕ್ರಿಪ್ಟಿನ ಸಾಮಾನ್ಯ ವಿಭಜನೆಯಲ್ಲಿ ದೀರ್ಘಚಿಹ್ನೆಯೂ ಹಲಂತಚಿಹ್ನೆಯೂ ಆಶ್ರಯ ತಪ್ಪಿ ಬೇರೆ ಬೇರೆ ಬಿಲ್ಲೆಗಳಾಗುತ್ತವೆ. ‘ಇಂಟ್ಲ್.ಸೆಗ್ಮೆಂಟರ್’ ಎಂಬ ಸಾಧನ ಇದನ್ನು ಬಹುಮಟ್ಟಿಗೆ ಸರಿಪಡಿಸುತ್ತದೆ, ಪೂರ್ತಿಯಾಗಿ ಅಲ್ಲ. ಸಂಯುಕ್ತಾಕ್ಷರವನ್ನು ಒಡೆಯಕೂಡದೆಂಬ ನಿಯಮವನ್ನು 2023ರಲ್ಲಿ ಯೂನಿಕೋಡ್ 15.1 ಸೇರಿಸಿತು. ಅದರ ವ್ಯಾಪ್ತಿಗೆ ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳ ಲಿಪಿಗಳು ಬಂದವು, ಕನ್ನಡ ಬರಲಿಲ್ಲ. ಆ ನಿಯಮವನ್ನು ಇದ್ದಂತೆ ಅಳವಡಿಸಿದಲ್ಲಿ ಮರಾಠಿಯ ಮಗುವಿಗೆ ನಾಲ್ಕು ಬಿಲ್ಲೆಗಳು, ಕನ್ನಡದ ಮಗುವಿಗೆ ಕೊನೆಯ ಅಕ್ಷರವು ಷ್, ಟ್, ರ ಎಂದು ಒಡೆದು ಆರು. ಒತ್ತಕ್ಷರವನ್ನು ಇನ್ನೂ ಕಲಿಯುತ್ತಿರುವ ಮಗು ಇದನ್ನು ಯಂತ್ರದ ತಪ್ಪೆಂದು ತಿಳಿಯಲಾರದು.

ಪರಿಹಾರವನ್ನು ಪುಟದ ಕರ್ತೃವೇ ಬರೆಯಬೇಕು. ಸೆಗ್ಮೆಂಟರ್ ಕೊಟ್ಟ ತುಂಡು ಹಲಂತಚಿಹ್ನೆಯಲ್ಲಿ ಮುಗಿದು, ಮುಂದಿನದು ವ್ಯಂಜನದಿಂದ ಆರಂಭವಾದರೆ ಎರಡನ್ನೂ ಕೂಡಿಸತಕ್ಕದ್ದು. ‘ರಾಜ್‌ಕುಮಾರ್’ ಎಂಬಂತಹ ಪದಗಳಲ್ಲಿ ಹಲಂತದ ಬಳಿಕ ಕಣ್ಣಿಗೆ ಕಾಣದ ಬೇರ್ಪಡಿಕೆಯ ಸಂಕೇತವೊಂದಿದ್ದು ತುಂಡು ಅದರಲ್ಲಿ ಮುಗಿಯುವುದರಿಂದ, ಅಲ್ಲಿ ಕೂಡಿಕೆ ತಾನಾಗಿಯೇ ತಪ್ಪುತ್ತದೆ.

ಇನ್ನು ಮೊಬೈಲಿನ ವಿಚಾರ. ಬೆರಳಿನ ಸ್ಪರ್ಶಕ್ಕೆ ಮೇಲಿನ ಘಟನೆಗಳು ಎಲ್ಲೆಡೆ ಒಂದೇ ಬಗೆಯಾಗಿ ಓಗೊಡುವುದಿಲ್ಲವಾದುದರಿಂದ ಮೌಸಿಗೂ ಬೆರಳಿಗೂ ಸಮಾನವಾದ ‘ಪಾಯಿಂಟರ್’ ಘಟನೆಗಳನ್ನು ಬಳಸುವುದು ಮೇಲು. ಎಳೆಯದೆಯೂ ಅದೇ ಕೆಲಸ ಸಾಧ್ಯವಾಗಬೇಕೆಂದು 2023ರ ಅಕ್ಟೋಬರಿನಲ್ಲಿ ಪ್ರಕಟವಾದ ಡಬ್ಲ್ಯುಸಿಎಜಿ 2.2 ವಿಧಿಸುತ್ತದೆ: ಬಿಲ್ಲೆಯನ್ನೊಮ್ಮೆ, ಮನೆಯನ್ನೊಮ್ಮೆ ಮುಟ್ಟಿದರೆ ಸಾಲಬೇಕು. ಕೈನಡುಕವುಳ್ಳವರಿಗಾಗಿ ಬಂದ ಈ ಸೌಕರ್ಯ, ಡೊಂಬಿವಲಿಯ ಲೋಕಲ್ ಗಾಡಿಯಲ್ಲಿ ಒಂದು ಕೈಯನ್ನು ಹಿಡಿಕೆಗೆ ಒಪ್ಪಿಸಿ ನಿಂತವನಿಗೂ ಸಲ್ಲುತ್ತದೆ.