ಓದಿದ ತರುಣರೂ ಊರಿನ ಸೇವೆಯೂ

ಕೆರೆ ಕಟ್ಟಿಸುವುದು, ಅರವಟ್ಟಿಗೆ ಇಡಿಸುವುದು, ಛತ್ರಕ್ಕೆ ಅಕ್ಕಿ ಅಳೆಯುವುದು, ಇವು ಉಳ್ಳವರು ಇಲ್ಲದವರಿಗಾಗಿ ನಮ್ಮ ನಾಡಿನಲ್ಲಿ ಬಹುಕಾಲದಿಂದ ಮಾಡುತ್ತ ಬಂದಿರುವ ಸೇವೆ. ನಾವು ಈ ದಿನ ವಿಚಾರ ಮಾಡಬೇಕೆಂದಿರುವುದು ಬೇರೊಂದು ಬಗೆಯ ಉಳ್ಳವರನ್ನು ಕುರಿತು. ಇವರಲ್ಲಿ ಹಣ ಹೆಚ್ಚಾಗಿರದು, ವಿದ್ಯೆಯುಂಟು. ವೈದ್ಯರು, ವಕೀಲರು, ಎಂಜಿನಿಯರುಗಳು, ಅಧ್ಯಾಪಕರು, ಲೆಕ್ಕಪರಿಶೋಧಕರು ಎಂದು ಹೊಸದಾಗಿ ವೃತ್ತಿಗೆ ಇಳಿದ ತರುಣರು ಇವರು. ಬಹುಮಂದಿಯ ಮನೆತನ ಯಾವುದೊ ಹಳ್ಳಿಯಲ್ಲಿ, ದುಡಿಮೆ ಬೆಂಗಳೂರಿನಲ್ಲೊ ಪುಣೆಯಲ್ಲೊ. ಬಿಡುವಿದ್ದಾಗ ತಮ್ಮ ಊರಿಗೆ ಏನನ್ನಾದರೂ ಮಾಡಬೇಕೆಂಬ ಹಂಬಲ ಇವರಲ್ಲಿ ಕಾಣುತ್ತಿದೆ. ಹಂಬಲವು ಸ್ತುತ್ಯವಾದುದೇ ಸರಿ. ಆದರೆ ಒಂದು ಭಾನುವಾರ ಪೊರಕೆ ಹಿಡಿದು ಬೀದಿ ಗುಡಿಸಿ ಮುಂದಿನ ಭಾನುವಾರ ಮರೆತರೆ, ಕಸ ಎಂದಿನಂತೆಯೇ ಬೀಳುವುದು. ಓದಿದವನ ಸೇವೆ ನಿಲ್ಲಬೇಕಾದರೆ ಏನು ಬೇಕು?

ಇದಕ್ಕೆ ಉತ್ತರವನ್ನು ಹುಡುಕಲು ಬೆಳಗಾವಿ ಜಿಲ್ಲೆಯೊಂದೇ ಸಾಕು. ಮೊದಲು ಜಿಲ್ಲೆಯ ಮುಖ್ಯಪಟ್ಟಣದ ಸಂಗತಿಯನ್ನು ನೋಡೋಣ. 1916ನೆಯ ನವೆಂಬರ್ 13ರಂದು ಅಲ್ಲಿ ಕರ್ನಾಟಕ ಲಿಂಗಾಯತ ವಿದ್ಯಾಸಂಸ್ಥೆಯು ಒಂದು ಶಾಲೆಯಾಗಿ ಆರಂಭವಾಯಿತು. ಅದನ್ನು ಕಟ್ಟಿದವರು ಏಳು ಮಂದಿ ವಿದ್ಯಾವಂತ ಅಧ್ಯಾಪಕರು: ಬಸವನಾಳ, ಸಾಖರೆ, ಕಟ್ಟೀಮನಿ, ಮಮದಾಪುರ, ಹಂಚಿನಾಳ, ಚಿಕ್ಕೋಡಿ, ಪಾಟೀಲ. ಜನರು ಇವರನ್ನು ಸಪ್ತರ್ಷಿಗಳೆಂದು ಕರೆದರು. ಶಿ. ಶಿ. ಬಸವನಾಳರಿಗೆ ಆಗ ವಯಸ್ಸು ಇಪ್ಪತ್ತಮೂರರಷ್ಟು. ಪದವಿಯ ಬಲದಿಂದ ಸರ್ಕಾರದ ನೌಕರಿ ಸುಲಭವಾಗಿ ದೊರೆಯುತ್ತಿದ್ದ ದಿನಗಳವು. ಅದನ್ನು ಬಿಟ್ಟು ಇವರು ಸಂಸ್ಥೆಗೆ ಆಜೀವ ಸದಸ್ಯರಾಗಿ ತಮ್ಮನ್ನು ಕಟ್ಟಿಕೊಂಡರು. ಈ ಕಟ್ಟುಪಾಡಿನಲ್ಲಿಯೇ ಮುಖ್ಯವಾದ ಅಂಶವಿರುವುದು. ಉತ್ಸಾಹವು ಇಂದು ಏರುವುದು, ನಾಳೆ ಇಳಿಯುವುದು. ಕೊಟ್ಟ ಮಾತು ಮನುಷ್ಯನನ್ನು ಉತ್ಸಾಹವಿಲ್ಲದ ದಿನವೂ ಕೆಲಸಕ್ಕೆ ಎಬ್ಬಿಸುವುದು. ಅಧ್ಯಾಪಕರು ತಮಗೆ ಬಲ್ಲ ಕೆಲಸವಾದ ಅಧ್ಯಾಪನವನ್ನೇ ಕೊಟ್ಟರು. ಹಣವನ್ನು ಕೊಡಬಲ್ಲ ದಾನಿಗಳು ಹಣವನ್ನು ಕೊಟ್ಟರು. 1933ರಲ್ಲಿ ಲಿಂಗರಾಜ ಕಾಲೇಜು ಹುಟ್ಟಿತು. ಈಗ ಆ ಸಂಸ್ಥೆಯ ಶಾಲೆ, ಕಾಲೇಜು, ಆಸ್ಪತ್ರೆಗಳು ಇನ್ನೂರಕ್ಕೂ ಮಿಕ್ಕಿವೆ.

ಎರಡನೆಯವರು ಡಾಕ್ಟರ್ ನಾ. ಸು. ಹರ್ಡೀಕರ್. 1889ರಲ್ಲಿ ಧಾರವಾಡದಲ್ಲಿ ಹುಟ್ಟಿ, ಅಮೆರಿಕದ ಮಿಚಿಗನ್ ವಿಶ್ವವಿದ್ಯಾನಿಲಯದಲ್ಲಿ ವ್ಯಾಸಂಗ ಮಾಡಿ ಹಿಂದಿರುಗಿದ ವೈದ್ಯರಿವರು. ಜನರಲ್ಲಿ ಉತ್ಸಾಹವಿದ್ದು ಶಿಸ್ತಿಲ್ಲದಿರುವುದನ್ನು ಕಂಡು, ಸ್ವಯಂಸೇವಕನಿಗೂ ಶಿಕ್ಷಣ ಬೇಕೆಂದು ಇವರು ನಿಶ್ಚಯಿಸಿದರು. 1923ರಲ್ಲಿ ಹುಟ್ಟಿದ ಹಿಂದುಸ್ತಾನೀ ಸೇವಾದಳವು ಈ ನಿಶ್ಚಯದ ಫಲ. ಮರುವರ್ಷ ಬೆಳಗಾವಿಯಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಅಧಿವೇಶನ ಸೇರಿದಾಗ ಸಾವಿರಾರು ಜನರ ವಸತಿ, ನೀರು, ನೈರ್ಮಲ್ಯಗಳ ಭಾರವನ್ನು ಸ್ವಯಂಸೇವಕರು ಹೊತ್ತರು. ಮುಂದೆ ಗೋಕಾಕ ಸೀಮೆಯ ಘಟಪ್ರಭೆಯಲ್ಲಿ ಕರ್ನಾಟಕ ಆರೋಗ್ಯಧಾಮವನ್ನು ಬೆಳೆಸಿದವರಲ್ಲಿಯೂ ಹರ್ಡೀಕರರು ಒಬ್ಬರು. ದೊಡ್ಡ ನಗರದಲ್ಲಿ ಹೆಸರು ಮಾಡಬಹುದಾಗಿದ್ದ ವೈದ್ಯನು ಹಳ್ಳಿಗಳ ನಡುವಿನ ಆಸ್ಪತ್ರೆಗೆ ಬಂದು ನಿಂತನೆಂಬುದನ್ನು ನಾವು ಗಮನಿಸಬೇಕು.

ಆ ಘಟಪ್ರಭೆಗೆ ದೂರವಲ್ಲದ ಊರು ತುಕ್ಕಾನಟ್ಟಿ. ಗೋಕಾಕ, ಮೂಡಲಗಿ, ಹುಕ್ಕೇರಿಗಳ ಸೀಮೆಯದು. ಅಲ್ಲಿ ಈಗ ಒಂದು ಕೃಷಿ ವಿಜ್ಞಾನ ಕೇಂದ್ರವಿದೆ. ಇಂಥ ಕೇಂದ್ರಗಳಲ್ಲಿ ಮೊದಲನೆಯದು 1974ರಲ್ಲಿ ಪುದುಚೇರಿಯಲ್ಲಿ ಸ್ಥಾಪಿತವಾಯಿತು. ಬಹುಪಾಲು ಕೇಂದ್ರಗಳನ್ನು ಕೃಷಿ ವಿಶ್ವವಿದ್ಯಾನಿಲಯಗಳು ನಡೆಸುತ್ತವೆ. ತುಕ್ಕಾನಟ್ಟಿಯದನ್ನು ನಡೆಸುವುದು ಬರ್ಡ್ಸ್ ಎಂಬ ಸ್ವಯಂಸೇವಾ ಸಂಸ್ಥೆ. ಅಲ್ಲಿಯ ತಜ್ಞರು ವೇತನ ಪಡೆಯುವವರಾದುದರಿಂದ ಅವರನ್ನು ಸ್ವಯಂಸೇವಕರೆನ್ನಲಾಗದು. ಆದರೂ ಇಂಥ ಕೇಂದ್ರಗಳ ಕಾರ್ಯವಿಧಾನದಿಂದ ಸ್ವಯಂಸೇವಕನು ಕಲಿಯಬೇಕಾದುದು ಬಹಳವಿದೆ. ಹೊಸ ತಳಿಯನ್ನಾಗಲಿ ಹೊಸ ಗೊಬ್ಬರವನ್ನಾಗಲಿ ಮಾತಿನಲ್ಲಿ ಹೊಗಳಿ ಬಿಡುವ ಪದ್ಧತಿ ಅಲ್ಲಿಲ್ಲ. ರೈತನ ಹೊಲದಲ್ಲಿ, ರೈತನ ಕೈಯಿಂದಲೇ ಅದನ್ನು ಬೆಳೆಯಿಸಿ, ಪಕ್ಕದಲ್ಲಿ ಹಳೆಯ ರೀತಿಯ ಬೆಳೆಯನ್ನೂ ಇಟ್ಟು, ಎರಡರ ಖರ್ಚನ್ನೂ ಇಳುವರಿಯನ್ನೂ ಅವನೇ ತೂಗಿ ನೋಡುವಂತೆ ಮಾಡುವರು. ತೀರ್ಪು ರೈತನದು.

ಈ ಸೀಮೆಯಲ್ಲಿ ಓದಿದ ತರುಣನಿಗೆ ಎಂಥ ಕೆಲಸ ಕಾದಿದೆಯೆಂಬುದಕ್ಕೆ ಒಂದು ನಿದರ್ಶನವನ್ನು ಹೇಳುವೆವು. ಘಟಪ್ರಭಾ ನದಿಗೆ 19ನೆಯ ಶತಮಾನದ ಕೊನೆಯಲ್ಲಿ ಧೂಪದಾಳದಲ್ಲಿ ಒಡ್ಡು ಬಿತ್ತು. ಅನಂತರ ಹಿಡಕಲ್ಲಿನಲ್ಲಿ ಆಣೆಕಟ್ಟು ಬಂದಿತು. ಕಾಲುವೆಯ ನೀರು ಹರಿದು ಕಬ್ಬು ಬೆಳೆಯಿತು; ಅದರೊಡನೆ ಸವಳು-ಜವಳಿನ ಪೀಡೆಯೂ ಬಂದಿತು. ಎರೆಮಣ್ಣು ನೀರನ್ನು ಬೇಗ ಬಿಟ್ಟುಕೊಡದು. ಅಳತೆ ಮೀರಿ ನೀರು ಹಾಯಿಸಿದರೆ ನೆಲದೊಳಗಿನ ನೀರಿನ ಮಟ್ಟ ಏರುತ್ತದೆ. ಮಣ್ಣಿನ ಉಪ್ಪು ಅದರಲ್ಲಿ ಕರಗಿ ಮೇಲಕ್ಕೆ ಬರುತ್ತದೆ. ಬಿಸಿಲಿಗೆ ನೀರು ಆರಿದ ಮೇಲೆ ಉಪ್ಪು ಬಿಳಿಯ ಪೊರೆಯಾಗಿ ಉಳಿಯುತ್ತದೆ. ಮಣ್ಣಿನ ಸಾರದ ವಿದ್ಯುದ್ವಾಹಕತೆ ಮೀಟರಿಗೆ 4 ಡೆಸಿಸೀಮೆನ್ಸ್ ದಾಟಿತೆಂದರೆ ಅದು ಸವಳುಭೂಮಿಯೆಂದು ಶಾಸ್ತ್ರಜ್ಞರು ಎಣಿಸುತ್ತಾರೆ. ನೀರನ್ನು ಮಿತಗೊಳಿಸುವುದು, ಬಸಿಗಾಲುವೆ ತೋಡುವುದು, ಕ್ಷಾರ ಹೆಚ್ಚಿದ್ದಲ್ಲಿ ಜಿಪ್ಸಂ ಹಾಕುವುದು, ಡಯಂಚವನ್ನು ಬೆಳೆದು ಹಸುರುಗೊಬ್ಬರವಾಗಿ ಉಳುವುದು, ಇವು ಪರಿಹಾರಗಳು.

ಇವುಗಳಲ್ಲಿ ಬಸಿಗಾಲುವೆಯ ತೊಡಕು ವಿಚಿತ್ರವಾದುದು. ಒಬ್ಬನು ತನ್ನ ಹೊಲದ ನೀರನ್ನು ಬಸಿಯಬೇಕಾದರೆ ಅದು ಬದುವಿನಾಚೆಯವನ ಹೊಲವನ್ನು ಹಾಯ್ದು ಹಳ್ಳಕ್ಕೆ ಸೇರಬೇಕು. ನೆರೆಯವನು ಒಪ್ಪದಿದ್ದರೆ ಶಾಸ್ತ್ರವೆಲ್ಲ ಪುಸ್ತಕದಲ್ಲಿಯೇ ಉಳಿಯುವುದು. ಇಲ್ಲಿ ಊರಿನ ಎಂಜಿನಿಯರು ನೆಲದ ಇಳಿಜಾರನ್ನು ಅಳೆದು ನಕ್ಷೆ ತೆಗೆಯಬಹುದು. ಕೃಷಿ ಪದವೀಧರನು ಮಣ್ಣಿನ ಪರೀಕ್ಷೆ ಮಾಡಿಸಬಹುದು. ವಕೀಲನು ಬದುವಿನವರ ಒಪ್ಪಂದವನ್ನು ಎಲ್ಲರಿಗೂ ತಿಳಿಯುವ ಕನ್ನಡದಲ್ಲಿ ಬರೆದು ಕೊಡಬಹುದು. ಲೆಕ್ಕ ಬಲ್ಲವನು ವಂತಿಗೆಯ ಪುಸ್ತಕವನ್ನು ಚೊಕ್ಕವಾಗಿಡಲು ಊರಿನ ಹುಡುಗನೊಬ್ಬನಿಗೆ ಕಲಿಸಬಹುದು. ಇವು ಯಾವುದಕ್ಕೂ ನೌಕರಿಯನ್ನು ಬಿಡಬೇಕಾಗಿಲ್ಲ. ವರ್ಷದಲ್ಲಿ ಕೆಲವು ದಿನಗಳು ಸಾಕು. ಆದರೆ ಆ ದಿನಗಳು ಮೊದಲೇ ಗೊತ್ತಾಗಿರಬೇಕು, ತಪ್ಪಬಾರದು.

ಈ ಕೆಲಸವನ್ನು ಕೆಡಿಸುವ ದೋಷಗಳನ್ನೂ ಹೇಳಿಬಿಡಬೇಕು. ಮೊದಲನೆಯದು, ಊರಿನವರನ್ನು ಕೇಳದೆ ಊರಿಗೆ ಬೇಕಾದುದನ್ನು ನಾವೇ ಗೊತ್ತುಮಾಡುವುದು. ಮೂವತ್ತು ವರ್ಷ ಅದೇ ಹೊಲವನ್ನು ಉತ್ತವನಿಗೆ ನೀರು ನಿಲ್ಲುವ ಜಾಗವು ನಕ್ಷೆಗಿಂತ ಚೆನ್ನಾಗಿ ಗೊತ್ತು. ಎರಡನೆಯದು, ಕೃತಜ್ಞತೆಯನ್ನು ನಿರೀಕ್ಷಿಸುವುದು. ಹಾರ ತುರಾಯಿಗಳ ಮೇಲೆ ಕಣ್ಣಿಟ್ಟವನು ಮೊದಲನೆಯ ಟೀಕೆಗೇ ಊರು ಬಿಡುವನು. ಮೂರನೆಯದು, ತಾನಿಲ್ಲದೆ ಕೆಲಸ ಸಾಗದಂತೆ ಮಾಡಿಕೊಳ್ಳುವುದು. ಇದು ಹೊರಗೆ ತ್ಯಾಗದಂತೆ ಕಾಣುವುದರಿಂದ ಎಲ್ಲಕ್ಕಿಂತ ಅಪಾಯಕರವಾದುದು.

2019ರ ಆಗಸ್ಟ್ ತಿಂಗಳಲ್ಲಿ ಘಟಪ್ರಭೆ ಉಕ್ಕಿ ಗೋಕಾಕದ ಮನೆಗಳಿಗೆ ನೀರು ನುಗ್ಗಿತು. ಅಂಥ ಸಮಯದಲ್ಲಿ ಕೈಗೆ ಸಿಕ್ಕ ಕೆಲಸವನ್ನು ಯಾರಾದರೂ ಮಾಡಬೇಕು. ಅಲ್ಲಿ ವಿದ್ಯೆಯ ತಾರತಮ್ಯವಿಲ್ಲ. ಪ್ರವಾಹ ಇಳಿದ ಮೇಲಿನ ಸಾಮಾನ್ಯ ವರ್ಷಗಳಲ್ಲಿ ಓದಿದವನ ಹೊಣೆ ಬೇರೆಯಾಗುವುದು. ತನಗೆ ಬಲ್ಲ ವಿದ್ಯೆಯನ್ನೇ ಕೊಡುವುದು, ಗೊತ್ತಾದ ಕಾಲಕ್ಕೆ ತಪ್ಪದೆ ಕೊಡುವುದು, ಊರಿನವರ ತೀರ್ಪಿಗೆ ಒಪ್ಪಿಸಿ ಕೊಡುವುದು, ಇವೇ ಅವನ ನಿಯಮಗಳು. ಹಳ್ಳಿಯ ಶಾಲೆ ನಮ್ಮಲ್ಲಿ ಅನೇಕರಿಗೆ ಮೊದಲ ಅಕ್ಷರವನ್ನು ಕಲಿಸಿತು. ಆ ಅಕ್ಷರದಿಂದ ಬೆಳೆದ ವಿದ್ಯೆಯಲ್ಲಿ ಒಂದು ಪಾಲು ಅದೇ ಹಳ್ಳಿಗೆ ಸಲ್ಲತಕ್ಕದ್ದೆಂದು ನಾವು ನಂಬಿದ್ದೇವೆ.