ಮೂಸಿಯ ಒಡಲಲ್ಲಿ ಕಸ

ಅನಂತಗಿರಿ ಬೆಟ್ಟದಲ್ಲಿ ಹುಟ್ಟುವ ಮೂಸಿ ನದಿ ಹೈದರಾಬಾದನ್ನು ಸೀಳಿಕೊಂಡು ಹರಿದು ವಾಡಪಲ್ಲಿಯಲ್ಲಿ ಕೃಷ್ಣೆಯನ್ನು ಸೇರುತ್ತದೆ. 1908ರ ಭೀಕರ ಪ್ರವಾಹದ ನಂತರ, ಕನ್ನಡಿಗ ಎಂಜಿನಿಯರ್ ಎಂ. ವಿಶ್ವೇಶ್ವರಯ್ಯನವರ ಸಲಹೆಯಂತೆ ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಜಲಾಶಯಗಳು ಎದ್ದವು. ನೆರೆಯೇನೋ ಹತೋಟಿಗೆ ಬಂತು. ಆದರೆ ಕೆಳಭಾಗದಲ್ಲಿ ಸಹಜ ಹರಿವು ಬಡವಾಯಿತು. ಬೇಸಿಗೆಯಲ್ಲಿ ಅಲ್ಲಿ ಕಾಣುವುದು ಬಹುಪಾಲು ಚರಂಡಿ ನೀರೇ. ಹರಿವಿಲ್ಲದ ಕಡೆ ಕಸ ಕದಲುವುದಿಲ್ಲ. ಪ್ಲಾಸ್ಟಿಕ್ ಚೀಲ, ಥರ್ಮಾಕೋಲ್ ಚೂರು, ಹರಕು ಬಟ್ಟೆಗಳು ಸೇತುವೆಯ ಕಂಬಗಳಿಗೂ ಜಲಕಳೆಯ ಬೇರುಗಳಿಗೂ ಸಿಕ್ಕಿಕೊಳ್ಳುತ್ತವೆ. ದಡದಲ್ಲಿ ಸುರಿದ ಕಟ್ಟಡದ ಅವಶೇಷ ಪಾತ್ರವನ್ನೇ ಕಿರಿದಾಗಿಸುತ್ತದೆ. ಜೋರು ಮಳೆ ಬಂದರೆ ತೇಲುವ ಕಸಕ್ಕೆ ಕೃಷ್ಣೆಯ ಮೂಲಕ ಬಂಗಾಳ ಕೊಲ್ಲಿಯತ್ತ ದಾರಿ ತೆರೆಯುತ್ತದೆ. ಶುದ್ಧೀಕರಣ ಘಟಕಗಳು ಕೊಳಚೆ ನೀರನ್ನು ತಿಳಿಗೊಳಿಸಬಲ್ಲವು, ನಾಲೆಗೆ ಎಸೆದ ಚೀಲವನ್ನು ತಡೆಯಲಾರವು. ಕಸ ವಿಂಗಡಣೆ ಮನೆಬಾಗಿಲಲ್ಲೇ ಆಗಬೇಕು.