ಚಿನ್ನಕ್ಕೆ ಆ ಬಣ್ಣ ಬಂದದ್ದೆಲ್ಲಿಂದ?

ಪ್ರಶ್ನೆ: ಆವರ್ತ ಕೋಷ್ಟಕದಲ್ಲಿ ಬೆಳ್ಳಿಯ ಕೆಳಗಿನ ಮನೆಯೇ ಚಿನ್ನದ್ದು. ಒಂದೇ ಗುಂಪಿನವಾದರೂ ಬೆಳ್ಳಿ ಬಿಳಿ, ಚಿನ್ನ ಹಳದಿ. ಏಕೆ?

ಉತ್ತರ: ತಾಮ್ರ ಬೆರೆಸುವುದರಿಂದ ಹಳದಿ ಎಂದು ಕೆಲವರು ಹೇಳುವುದುಂಟು. ಅದು ತಪ್ಪು. ನಿಮ್ಮ ಉಂಗುರದ ಒಳಮೈಯಲ್ಲಿ 916 ಎಂದು ಕೊರೆದಿದ್ದರೆ ಸಾವಿರಕ್ಕೆ 916 ಪಾಲು ಚಿನ್ನ, ಉಳಿದದ್ದು ಬೇರೆ ಲೋಹ. ಆದರೆ ಬೆರಕೆಯೇ ಇಲ್ಲದ 24 ಕ್ಯಾರೆಟ್ ಗಟ್ಟಿಯೂ ಅಚ್ಚ ಹಳದಿಯೇ.

ಕಾರಣ ಪರಮಾಣುವಿನೊಳಗಿದೆ. ಬೆಳ್ಳಿಯ ಬೀಜಕೇಂದ್ರದಲ್ಲಿ 47 ಪ್ರೋಟಾನುಗಳು, ಚಿನ್ನದಲ್ಲಿ 79. ಇಷ್ಟೊಂದು ಧನಾವೇಶದ ಸೆಳೆತಕ್ಕೆ ಸಿಕ್ಕಿದ ಒಳಗಿನ ಎಲೆಕ್ಟ್ರಾನುಗಳ ವೇಗ ಬೆಳಕಿನ ವೇಗದ ಅರ್ಧವನ್ನೂ ಮೀರುತ್ತದೆ. ಅಷ್ಟು ವೇಗವೆಂದರೆ ಐನ್‌ಸ್ಟೈನರ ಸಾಪೇಕ್ಷತಾ ಸಿದ್ಧಾಂತವನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. ಅದರ ಪರಿಣಾಮವಾಗಿ ಚಿನ್ನದ ಅತಿ ಹೊರಗಿನ ಕವಚ ಕುಗ್ಗಿ, ಅದರ ಶಕ್ತಿಮಟ್ಟ ಕೆಳಗಿಳಿಯುತ್ತದೆ. ಅದರ ಒಳಗಿನ ಒಂದು ಉಪಕವಚದ ಮಟ್ಟ ಮೇಲೇರುತ್ತದೆ. ಎರಡರ ನಡುವಿನ ಅಂತರ ಕಿರಿದಾಗುತ್ತದೆ.

ಈ ಅಂತರ ದಾಟಲು ಎಲೆಕ್ಟ್ರಾನಿಗೆ ನೀಲಿ ಬೆಳಕಿನ ಶಕ್ತಿ ಸಾಕು. ಹಾಗಾಗಿ ಚಿನ್ನ ನೀಲಿಯನ್ನು ಹೀರಿಕೊಂಡು ಉಳಿದದ್ದನ್ನು ಹಿಂದಕ್ಕೆ ಕಳಿಸುತ್ತದೆ. ನಮ್ಮ ಕಣ್ಣಿಗೆ ಅದು ಹಳದಿ. ಬೆಳ್ಳಿಯಲ್ಲಿ ಅಂತರ ದೊಡ್ಡದು, ದಾಟಲು ನೇರಳಾತೀತ ಕಿರಣವೇ ಬೇಕು. ಕಣ್ಣಿಗೆ ಕಾಣುವ ಬಣ್ಣಗಳನ್ನೆಲ್ಲ ಹೆಚ್ಚುಕಡಿಮೆ ಸಮನಾಗಿ ಹಿಂತಿರುಗಿಸುವುದರಿಂದ ಅದು ಬಿಳಿ.

ಕೋಷ್ಟಕದಲ್ಲಿ ಚಿನ್ನದ ಬಲಬದಿಯ 80ನೇ ಧಾತು ಪಾದರಸ. ಅದು ಕೋಣೆಯ ತಾಪದಲ್ಲೂ ದ್ರವವಾಗಿರಲು ಇದೇ ಸಾಪೇಕ್ಷತಾ ಪರಿಣಾಮ ಮುಖ್ಯ ಕಾರಣ.